ಹಳದಿ ಕೊರಳಿನ ಪಿಕಳಾರ ಮತ್ತು ಗೂಡಿನ ಚಿತ್ರ

ದಕ್ಷಿಣ ಭಾರತದ ಬಂಡೆಬೆಟ್ಟಗಳ ಒಣ ಕುರುಚಲು ಕಾಡನ್ನು ಬಿಟ್ಟರೆ ಹಳದಿ ಕೊರಳಿನ ಪಿಕಳಾರವು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ನಂದಿಬೆಟ್ಟ, ರಾಮನಗರದ ಬೆಟ್ಟಗಳು, ಆಂಧ್ರದ ಹಾರ್ಸ್ಲಿ ಬೆಟ್ಟ ಇದರ ನೆಲೆಗಳಲ್ಲಿ ಕೆಲವು. 1845ರಲ್ಲಿ ಜೆರ್ಡನ್ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಹಳದಿ ಬೆರೆತ ಹಸುರು ತಲೆ, ಹೊಳೆಯುವ ಹಳದಿ ಕೊರಳು, ಬೂದು ಎದೆ. ಸಂಕೋಚದ ಹಕ್ಕಿ, ಕಣ್ಣಿಗಿಂತ ಮೊದಲು ಕಿವಿಗೆ ಸಿಕ್ಕುತ್ತದೆ. ಇಷ್ಟು ವಿರಳವಾದುದರಿಂದಲೇ ಛಾಯಾಗ್ರಾಹಕರಿಗೆ ಇದರ ಮೇಲೆ ವಿಶೇಷ ಮೋಹ.

ಪಕ್ಷಿಚಿತ್ರಗಳಲ್ಲಿ ಬಹುಕಾಲದಿಂದ ಮೆಚ್ಚುಗೆ ಪಡೆದ ಒಂದು ಬಗೆಯುಂಟು: ಗೂಡಿನ ಅಂಚಿನಲ್ಲಿ ಹುಳು ಕಚ್ಚಿ ನಿಂತ ತಾಯಿ, ಬಾಯ್ತೆರೆದ ಮರಿಗಳು. ನೋಡಿದವರು ವಾತ್ಸಲ್ಯವೆಂದು ತಲೆದೂಗುತ್ತಾರೆ. ಚಿತ್ರವನ್ನು ತುಸು ನಿಂತು ನೋಡಬೇಕು. ಪಿಕಳಾರದ ಜಾತಿಯ ಹಕ್ಕಿಗಳು ಎಲೆಗಳ ಮರೆಯಲ್ಲಿ ಬಟ್ಟಲಿನಂಥ ಗೂಡು ಕಟ್ಟುವವು. ಆ ಮರೆ ಎಲ್ಲಿ ಹೋಯಿತು? ಬೆಳಕು ಒಳಗೆ ಬೀಳಲೆಂದು ರೆಂಬೆಗಳನ್ನು ಕತ್ತರಿಸಿದ್ದರೆ, ಬೇಸಿಗೆಯ ಬಿಸಿಲು ಎಳೆಯ ಮರಿಗಳ ಮೇಲೆ ನೇರವಾಗಿ ಸುರಿಯುತ್ತದೆ. ಕಾಗೆಗೂ ಹಾವಿಗೂ ದಾರಿ ತೆರೆಯುತ್ತದೆ. ತಾಯಿಯ ನಿಲುವಿನಲ್ಲಿ ಕಾಣುವ ತಡವರಿಕೆ ವಾತ್ಸಲ್ಯಕ್ಕಿಂತ ಭಯಕ್ಕೆ ಹತ್ತಿರವಾದುದು.

ಈ ರೂಢಿಗೆ ಒಂದು ಕಾಲದಲ್ಲಿ ಕಾರಣವಿದ್ದಿತು. 1949ರಲ್ಲಿ ‘ಎ ಬರ್ಡ್ ಫೋಟೋಗ್ರಾಫರ್ ಇನ್ ಇಂಡಿಯಾ’ ಪ್ರಕಟಿಸಿದ ಲೋಥರ್ ಅವರ ಪೀಳಿಗೆಗೆ ಭಾರವಾದ ಕ್ಯಾಮೆರಾ, ಮಂದವಾದ ಫಿಲ್ಮು ಮಾತ್ರ ಲಭ್ಯವಿದ್ದವು. ಹಕ್ಕಿ ತಪ್ಪದೆ ಹಿಂದಿರುಗುವ ತಾಣವೆಂದರೆ ಗೂಡೊಂದೇ. ಬಂದೂಕಿನಿಂದ ಹಕ್ಕಿಯನ್ನು ಕೆಡವಿ ಅಭ್ಯಸಿಸುತ್ತಿದ್ದ ಪದ್ಧತಿಯ ಎದುರಿನಲ್ಲಿ ಅದು ದೊಡ್ಡ ಮುನ್ನಡೆಯೇ ಸರಿ. ದೂರದಿಂದಲೇ ಕಣ್ಣಿನ ಮಿಂಚನ್ನು ಹಿಡಿಯುವ ಮಸೂರಗಳು ಬಂದ ಮೇಲೆ ಆ ಕಾರಣ ಅಳಿಯಿತು, ರೂಢಿ ಮಾತ್ರ ಉಳಿಯಿತು. ಹಲವು ಸ್ಪರ್ಧೆಗಳು ಇಂದು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲ.

ಕೊಲ್ಲುವ ಇಚ್ಛೆ ಇರಲಿಲ್ಲವೆಂಬ ಸಮಾಧಾನ ಜೈನ ವಿಚಾರದಲ್ಲಿ ಪೂರ್ಣ ಉತ್ತರವಾಗದು. ಪ್ರಮಾದದಿಂದ ಜೀವಕ್ಕೆ ಒದಗಿದ ನೋವೂ ಹಿಂಸೆಯೇ. ಕಣ್ಣು ಮೇಲಿಟ್ಟು ಹುಲ್ಲಿನಲ್ಲಿ ನಡೆಯುವ ಛಾಯಾಗ್ರಾಹಕನಿಗೆ ಈರ್ಯಾಸಮಿತಿಯ ನೆನಪಾಗುವುದು ಕಷ್ಟ. ಧ್ವನಿಮುದ್ರಿತ ಕೂಗನ್ನು ನುಡಿಸಿ ಹಕ್ಕಿಯನ್ನು ಕರೆಯುವುದಂತೂ ಇನ್ನೂ ಸೂಕ್ಷ್ಮವಾದ ದೋಷ. ಪ್ರತಿಸ್ಪರ್ಧಿ ಬಂದನೆಂದು ನಂಬಿ ಗಂಡುಹಕ್ಕಿ ಮೇವು ಬಿಟ್ಟು ಧಾವಿಸುತ್ತದೆ. ಪಂಚೇಂದ್ರಿಯ ಜೀವಿಯೊಂದಕ್ಕೆ ಅದರ ನುಡಿಯಲ್ಲಿಯೇ ಸುಳ್ಳು ಹೇಳಿದಂತಾಯಿತು. ಅಹಿಂಸೆಯ ಜೊತೆಗೆ ಸತ್ಯಾಣುವ್ರತಕ್ಕೂ ಇಲ್ಲಿ ಭಂಗವುಂಟು.

ಕಲ್ಲುಗಣಿಗಳು ಬೆಟ್ಟಗಳನ್ನೇ ನುಂಗುತ್ತಿರುವಾಗ ಒಂದು ಚಿತ್ರದ ಮಾತೇಕೆ ಎನ್ನಬಹುದು. ಆ ಹಾನಿ ಹಿರಿದು, ನಿಜ. ಶಿಲೆಯಲ್ಲಿ ಬಸದಿ ಕಟ್ಟಿಸುವವರನ್ನೂ ಆ ಪ್ರಶ್ನೆ ಮುಟ್ಟುತ್ತದೆ, ಅದು ಬೇರೆಯೇ ವಿಚಾರಕ್ಕೆ ಅರ್ಹವಾದುದು. ಆದರೆ ಜೀವದಯೆಯ ದಿನದರ್ಶಿಕೆಗೆ ಟ್ರಸ್ಟು ಚಿತ್ರ ಆರಿಸುವಾಗ, ತೆಗೆದ ಬಗೆ ಹೇಗೆಂದು ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಉತ್ತರ ದೊರೆಯದಿದ್ದಲ್ಲಿ ಚಿತ್ರವೇ ಅರ್ಧ ಹೇಳುತ್ತದೆ: ಕೊಯ್ದ ರೆಂಬೆಯ ಬಿಳಿಯ ತುದಿ, ಚೌಕಟ್ಟು ತುಂಬಿದ ಬೆದರಿದ ಕಣ್ಣು. ಅಂಥದರ ಬದಲು, ವಿಶಾಲ ಬಂಡೆಯ ಮೂಲೆಯಲ್ಲಿ ಬೆರಳಷ್ಟು ಹಳದಿ, ಅರ್ಧ ಬೆನ್ನು ತಿರುಗಿಸಿ ಹಣ್ಣು ನುಂಗುತ್ತಿರುವ ಹಕ್ಕಿಯ ಚಿತ್ರ ಸಿಕ್ಕರೆ, ಅದು ಸ್ಪಷ್ಟವಾಗಿಲ್ಲವೆಂದು ಬದಿಗಿಡಬೇಕಾಗಿಲ್ಲ.