ಹಿಮದ ನಾಡಿನಲ್ಲಿ ದಂಡಿಯ ಕನ್ನಡಿ

ವಿಶ್ವವಿದ್ಯಾಲಯದಲ್ಲಿ ನಾನು ಟಿಬೆಟನ್ ಭಾಷೆಯನ್ನು ಆರಿಸಿಕೊಂಡೆನೆಂದು ತಿಳಿದಾಗ ಮನೆಯ ಹಿರಿಯರೆಲ್ಲರೂ ಕೇಳಿದ ಪ್ರಶ್ನೆ ಒಂದೇ: "ಅದನ್ನು ಕಲಿತು ಏನು ಮಾಡುತ್ತೀಯಪ್ಪ?" ನನ್ನ ಬಳಿ ಉತ್ತರ ಸಿದ್ಧವಾಗಿತ್ತು. ನಮ್ಮಲ್ಲಿ ನಾಶವಾಗಿ ಹೋದ ಎಷ್ಟೋ ಸಂಸ್ಕೃತ ಗ್ರಂಥಗಳು ಟಿಬೆಟನ್ ಅನುವಾದದಲ್ಲಿ ಉಳಿದುಕೊಂಡಿವೆ; ಆ ಭಾಷೆ ಬಂದರೆ ನಮ್ಮ ಕಳೆದುಹೋದ ಆಸ್ತಿಯನ್ನು ಮರಳಿ ಪಡೆಯಬಹುದು, ಎಂದೆ. ಹಿರಿಯರು ತಲೆದೂಗಿದರು. ಆಸ್ತಿಯ ಮಾತು ಯಾರಿಗೆ ತಾನೇ ಅರ್ಥವಾಗುವುದಿಲ್ಲ?

ಉತ್ತರವೇನೋ ಸುಳ್ಳಲ್ಲ. ಆದರೆ ಒಂದು ಭಾಷೆಯ ಬಳಿ ಹೋಗಲು ಅದು ಸಾಕಾದ ಕಾರಣವೇ ಎಂಬ ಸಂದೇಹ ನನ್ನಲ್ಲಿ ಹುಟ್ಟಿದ್ದು ತೀರ ತಡವಾಗಿ. ಈ ಲೇಖನ ಆ ಸಂದೇಹವನ್ನು ಕುರಿತದ್ದು.

ಟಿಬೆಟನ್ ಭಾಷೆಯನ್ನು ಅದಕ್ಕಾಗಿಯೇ ಕಲಿತವರು ವಿದ್ವಾಂಸರಲ್ಲಿಯೂ ವಿರಳ. ಹಂಗೆರಿಯ ಚೋಮಾ ದೆ ಕೊರೋಷ್ ತನ್ನ ಜನಾಂಗದ ಮೂಲವನ್ನು ಹುಡುಕುತ್ತ ಏಷ್ಯಕ್ಕೆ ಬಂದವನು. ದಾರಿಯಲ್ಲಿ ಲಡಾಖಿನ ಕಡೆ ನಿಂತು ಭಾಷೆ ಕಲಿತು 1834ರಲ್ಲಿ ಕಲ್ಕತ್ತೆಯಿಂದ ನಿಘಂಟನ್ನೂ ವ್ಯಾಕರಣವನ್ನೂ ಹೊರತಂದ. 1902ರಲ್ಲಿ ಬಂದ ಶರಶ್ಚಂದ್ರ ದಾಸರ ದೊಡ್ಡ ನಿಘಂಟಿಗೆ "ಸಂಸ್ಕೃತ ಪರ್ಯಾಯಗಳೊಡನೆ" ಎಂಬುದು ಹೆಸರಿನಲ್ಲೇ ಸೇರಿದೆ. 1930ರಲ್ಲಿ ನಮ್ಮ ಮೈಸೂರಿನ ಎಚ್. ಆರ್. ರಂಗಸ್ವಾಮಿ ಅಯ್ಯಂಗಾರ್ಯರು ದಿಙ್ನಾಗನ ಪ್ರಮಾಣಸಮುಚ್ಚಯದ ಮೊದಲ ಪರಿಚ್ಛೇದವನ್ನು ಟಿಬೆಟನ್ನಿನಿಂದ ಸಂಸ್ಕೃತಕ್ಕೆ ಮರಳಿಸಿದರು. ಅದನ್ನು ಮೈಸೂರು ವಿಶ್ವವಿದ್ಯಾಲಯವೇ ಪ್ರಕಟಿಸಿತು. ಮರುವರ್ಷ ವಿಧುಶೇಖರ ಭಟ್ಟಾಚಾರ್ಯರು ಆರ್ಯದೇವನ ಚತುಃಶತಕವನ್ನು ಹೀಗೆಯೇ ಪುನರ್ರಚಿಸಿದರು. ರಾಹುಲ ಸಾಂಕೃತ್ಯಾಯನರು 1929ರಿಂದ 1938ರವರೆಗೆ ನಾಲ್ಕು ಬಾರಿ ಟಿಬೆಟ್ಟಿಗೆ ಹೋಗಿ ಮೂಲದ ತಾಳೆಗರಿಗಳನ್ನೇ ಪತ್ತೆಹಚ್ಚಿದರು. ಇವರೆಲ್ಲರೂ ಪ್ರಾತಃಸ್ಮರಣೀಯರು. ಆದರೆ ಇವರು ಹಾಕಿಕೊಟ್ಟ ದಾರಿಯಲ್ಲಿ ನಡೆದ ನಾವು, ದಾರಿಯ ಇಕ್ಕೆಲದಲ್ಲಿ ಒಂದು ಊರಿದೆ ಎಂಬುದನ್ನೇ ಮರೆತೆವು.

ಮೊದಲ ದಿನದ ತರಗತಿ ನನಗೆ ಚೆನ್ನಾಗಿ ನೆನಪಿದೆ. ಮೂವತ್ತು ವ್ಯಂಜನಗಳು, ನಾಲ್ಕು ಸ್ವರಚಿಹ್ನೆಗಳು. ಕ, ಖ, ಗ, ಙ ಎಂದೇ ಆರಂಭ. ಕನ್ನಡದ ಹುಡುಗನಿಗೆ ತನ್ನ ಮನೆಯಂಗಳಕ್ಕೇ ಕಾಲಿಟ್ಟಂತೆ. ಎರಡನೆಯ ವಾರಕ್ಕೆ ಈ ಸಂತೋಷ ಇಳಿಯಿತು. ಎಂಟು ಎಂಬ ಸಂಖ್ಯೆಗೆ ಬರೆಯುವಾಗ ಬ, ರ, ಗ, ಯ, ದ ಎಂದು ಐದು ಅಕ್ಷರಗಳು. ಲ್ಹಾಸಾದ ಬಾಯಲ್ಲಿ ಉಳಿಯುವುದು "ಗ್ಯೆ" ಎಂಬಷ್ಟೇ. ನುಡಿದಂತೆ ಬರೆಯುವ ನಮಗೆ ಇದು ವಿಚಿತ್ರ. ಇದರ ಮೇಲೆ ಗೌರವವಾಚಕಗಳ ಕಾಟ ಬೇರೆ: ನನ್ನ ತಲೆ "ಗೊ" ಆದರೆ ಗುರುಗಳ ತಲೆ "ಉ", ನನ್ನ ಕೈ "ಲಕ್ಪ", ಅವರದು "ಚಾಕ್".

ನಮಗೆ ಪಾಠ ಹೇಳುತ್ತಿದ್ದವರು ಒಬ್ಬ ವೃದ್ಧ ಭಿಕ್ಷುಗಳು. ಅವರನ್ನು ನಾವು "ಗೆನ್‌ಲಾ", ಎಂದರೆ ಗುರುಗಳೇ, ಎಂದು ಕರೆಯುತ್ತಿದ್ದೆವು. ತರಗತಿಯಲ್ಲಿ ನಮ್ಮ ಕೆಲಸವೆಲ್ಲ ಒಂದೇ ಬಗೆಯದು: ಟಿಬೆಟನ್ ಸಾಲನ್ನು ಓದುವುದು, ಅದರ ಹಿಂದೆ ಅಡಗಿದ್ದ ಸಂಸ್ಕೃತ ಶಬ್ದ ಯಾವುದೆಂದು ಊಹಿಸುವುದು, ಊಹೆ ಸರಿಯಾದರೆ ಹಿಗ್ಗುವುದು. ಗೆನ್‌ಲಾ ಅದನ್ನು ತಿಂಗಳುಗಟ್ಟಲೆ ಸಹಿಸಿಕೊಂಡರು. ಒಂದು ದಿನ ನಗುತ್ತಲೇ ಹೇಳಿದರು: "ನೀವು ದಿನವೂ ಬಂದು ನಮ್ಮ ಮನೆಯ ಬಾಗಿಲು ತಟ್ಟುತ್ತೀರಿ. ಹಿಂದೆ ಯಾವಾಗಲೋ ಕೊಟ್ಟ ಪಾತ್ರೆಗಳನ್ನು ವಾಪಸು ಇಸಕೊಂಡು ಹೋಗುತ್ತೀರಿ. ಆ ಪಾತ್ರೆಯಲ್ಲಿ ನಾವು ಏನು ಅಡಿಗೆ ಮಾಡಿದೆವು ಎಂದು ಒಬ್ಬರೂ ಕೇಳಲಿಲ್ಲವಲ್ಲ!"

ಆ ಮಾತು ನನ್ನನ್ನು ಚುಚ್ಚಿತು. ಮುಂದೆ ಅದಕ್ಕೆ ಉತ್ತರ ಹುಡುಕುವಾಗ ನನ್ನ ಕೈ ಹಿಡಿದವನು, ಆಶ್ಚರ್ಯವೆಂದರೆ, ಕನ್ನಡ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತನಾದ ದಂಡಿ.

ಸುಮಾರು ಕ್ರಿ.ಶ. 700ರಲ್ಲಿ ಕಂಚಿಯಲ್ಲಿದ್ದ ದಂಡಿಯ ಕಾವ್ಯಾದರ್ಶ ದಕ್ಷಿಣಕ್ಕೂ ಉತ್ತರಕ್ಕೂ ಪ್ರಯಾಣ ಮಾಡಿದ ಗ್ರಂಥ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ, ಅದು ಕವಿರಾಜಮಾರ್ಗದ ಆಧಾರವಾಯಿತು. ಹಿಮಾಲಯದಾಚೆ ಅದರ ವಿಷಯವನ್ನು ಮೊದಲು ಪರಿಚಯಿಸಿದವನು ಸಾಕ್ಯ ಪಂಡಿತ (1182–1251). ಅವನ ತರುವಾಯ, ಕುಬ್ಲಾಯ್ ಖಾನನ ಗುರುವಾಗಿದ್ದ ಫಗ್ಪನ ಪ್ರೇರಣೆಯಿಂದ, ಶೋಂಗ್‌ತೋನ್ ದೊರ್ಜೆ ಗ್ಯಾಲ್ತ್ಸೆನ್ ಎಂಬ ಅನುವಾದಕ ಲಕ್ಷ್ಮೀಕರನೆಂಬ ಭಾರತೀಯ ಪಂಡಿತನೊಡನೆ ಕುಳಿತು ಇಡೀ ಗ್ರಂಥವನ್ನು ಟಿಬೆಟನ್ನಿಗೆ ತಂದ. ಟಿಬೆಟನ್ನರು ಅದನ್ನು "ಕನ್ನಡಿ" ಎಂದೇ ಕರೆಯುತ್ತಾರೆ. ತಮಿಳು, ಸಿಂಹಳಗಳನ್ನೂ ಒಳಗೊಂಡು ಈ ಕನ್ನಡಿಯ ಪ್ರಯಾಣವನ್ನು ಕುರಿತ ಒಂದು ಬೃಹತ್ ಸಂಪುಟ ಯಿಗಾಲ್ ಬ್ರೋನರ್ ಅವರ ಸಂಪಾದಕತ್ವದಲ್ಲಿ 2023ರಲ್ಲಿ ಪ್ರಕಟವಾಗಿದೆ.

ಒಂದೇ ಕನ್ನಡಿ, ನೋಡಿಕೊಂಡ ಮುಖಗಳು ಬೇರೆ. ಕವಿರಾಜಮಾರ್ಗಕಾರ ದಂಡಿಯ ಪದ್ಯಗಳನ್ನು ಎತ್ತಿಕೊಂಡ, ಬಿಟ್ಟ, ತಿದ್ದಿದ. ವೈದರ್ಭ, ಗೌಡ ಮಾರ್ಗಗಳಿದ್ದ ಕಡೆ ದಕ್ಷಿಣ, ಉತ್ತರ ಮಾರ್ಗಗಳೆಂದ. ಕಾವೇರಿಯಿಂದ ಗೋದಾವರಿಯವರೆಗಿನ ತನ್ನ ನಾಡನ್ನೂ, ಬೆದಂಡೆ ಚತ್ತಾಣಗಳನ್ನೂ, ಕನ್ನಡದ ಪ್ರಾಸವನ್ನೂ ತಂದು ಅದರಲ್ಲಿ ಕೂರಿಸಿದ. ಟಿಬೆಟನ್ನರು ಹಾಗೆ ಮಾಡಲಿಲ್ಲ. ಅವರಿಗೆ ಮೂಲದ ಒಂದು ಪದ್ಯವೂ ತ್ಯಾಜ್ಯವಲ್ಲ. ಸಂಸ್ಕೃತದ ನಾದವನ್ನೇ ನಂಬಿದ ಮೂರನೆಯ ಪರಿಚ್ಛೇದದ ಯಮಕಗಳೊಡನೆ ಕೂಡ ಗುದ್ದಾಡಿದರು. ಬಳಿಕ ಒಂದೊಂದು ಅಲಂಕಾರಕ್ಕೂ ತಮ್ಮದೇ ಉದಾಹರಣೆಯ ಪದ್ಯ ಕಟ್ಟುವುದು ಅವರಲ್ಲಿ ಒಂದು ಸಾಹಿತ್ಯ ಪ್ರಕಾರವಾಗಿಯೇ ಬೆಳೆಯಿತು. ಹದಿನೇಳನೆಯ ಶತಮಾನದಲ್ಲಿ ಐದನೆಯ ದಲಾಯಿ ಲಾಮಾ ಕೂಡ ದಂಡಿಗೆ ವ್ಯಾಖ್ಯಾನ ಬರೆದರು.

ಇದನ್ನು ಮೊದಲು ಓದಿದಾಗ ನನ್ನ ತೀರ್ಪು ಕನ್ನಡಿಗನ ಜಂಬದಿಂದ ಕೂಡಿತ್ತು: ನಮ್ಮದು ಸ್ವಾತಂತ್ರ್ಯ, ಅವರದು ದಾಸ್ಯ. ಮಲಯಮಾರುತ ಬೀಸದ, ಕಮಲ ಅರಳದ, ಕಡಲಿನ ದರ್ಶನವಿಲ್ಲದ ಎತ್ತರದಲ್ಲಿ ಕುಳಿತು ಕಮಲ ಕಡಲುಗಳನ್ನು ವರ್ಣಿಸುವುದು ಅನುಕರಣವಲ್ಲದೆ ಮತ್ತೇನು? ಈ ಆಕ್ಷೇಪಣೆಯನ್ನು ನಾನು ಈಗಲೂ ಪೂರ್ತಿ ಬಿಟ್ಟಿಲ್ಲ. ಆ ಪಾಂಡಿತ್ಯದ ಪದ್ಯಗಳಲ್ಲಿ ಎಷ್ಟೋ ಬರಿಯ ಕಸರತ್ತು.

ಆದರೆ ನಿಧಾನವಾಗಿ ಪದಗಳ ಕಡೆ ನೋಡಿ. ಕಾವ್ಯವನ್ನು ನಾವು ಕಾವ್ಯವೆಂದೇ ಕರೆದೆವು. ಅವರು "ಙ್ಯೆನ್‌ಙಾಕ್" ಎಂದರು, ಕಿವಿಗೆ ಇಂಪಾದ ಮಾತು. ಅಲಂಕಾರ ನಮಗೆ ಅಲಂಕಾರವೇ. ಅವರಿಗೆ "ಗ್ಯೆನ್", ಒಡವೆ. ನಮ್ಮ ಸರಸ್ವತಿ ಸರಸ್ವತಿಯಾಗಿಯೇ ಬಂದಳು. ಅವರಲ್ಲಿ ಅವಳು "ಯಾಂಗ್‌ಚೆನ್‌ಮಾ" ಆದಳು, ಇಂಪಾದ ದನಿಯುಳ್ಳವಳು. ಬುದ್ಧನ ಹೆಸರನ್ನು ಕೂಡ ಅವರು ಹಾಗೆಯೇ ಇಟ್ಟುಕೊಳ್ಳಲಿಲ್ಲ. "ಸಂಗ್ಯೆ" ಎಂದರು: ಕೊಳೆ ಕಳೆದು ಅರಳಿದವನು. ಪದ್ಯದ ಮಟ್ಟದಲ್ಲಿ ನಾವು ಸ್ವತಂತ್ರರು, ಪದದ ಮಟ್ಟದಲ್ಲಿ ಅವರು. ಹಾಗಾದರೆ ದಾಸ್ಯ ಯಾರದು?

ಈ ಪದಸೃಷ್ಟಿ ಆಕಸ್ಮಿಕವಾಗಿ ಆದದ್ದಲ್ಲ. ಒಂಬತ್ತನೆಯ ಶತಮಾನದ ಆದಿಯಲ್ಲಿ, ನಮ್ಮಲ್ಲಿ ಕವಿರಾಜಮಾರ್ಗ ಹುಟ್ಟುವುದಕ್ಕೆ ಕೆಲವೇ ದಶಕಗಳ ಮುಂಚೆ, ಟಿಬೆಟ್ಟಿನ ಅರಸರು ಭಾರತದ ಪಂಡಿತರನ್ನೂ ತಮ್ಮ ಅನುವಾದಕರನ್ನೂ ಕೂಡಿಸಿ ಮಹಾವ್ಯುತ್ಪತ್ತಿ ಎಂಬ ದ್ವಿಭಾಷಾ ಶಬ್ದಕೋಶವನ್ನು ಮಾಡಿಸಿದರು. ಅದರಲ್ಲಿ ಒಂಬತ್ತು ಸಾವಿರಕ್ಕೂ ಮಿಕ್ಕಿ ಪದಗಳಿವೆ. ಜೊತೆಗೆ ನಿಯಮಗಳೂ ಬಂದವು. ಅನುವಾದಿಸಿದರೆ ಗೊಂದಲವಾಗುವ ನಾಡಿನ ಹೆಸರು, ಹೂವಿನ ಹೆಸರುಗಳನ್ನು ಹಾಗೆಯೇ ಇಟ್ಟು, "ನಾಡು", "ಹೂವು" ಎಂಬ ಮಾತನ್ನು ಜೊತೆಗೆ ಸೇರಿಸಬೇಕು; ಯಾರೂ ತಮಗೆ ತೋಚಿದಂತೆ ಹೊಸ ಪದವನ್ನು ಚಲಾವಣೆಗೆ ತರಬಾರದು, ಅದು ಆಸ್ಥಾನದ ಒಪ್ಪಿಗೆ ಪಡೆಯಬೇಕು. ಈ ಶಿಸ್ತಿನ ಫಲವೇನೆಂದರೆ, ಸಂಸ್ಕೃತದ ಒಂದಕ್ಷರ ಬಾರದ ಹುಡುಗನೊಬ್ಬ ಕೇವಲ ತಾಯಿನುಡಿಯಲ್ಲಿ ಪ್ರಮಾಣಶಾಸ್ತ್ರದ ತುದಿಯನ್ನು ಮುಟ್ಟಬಲ್ಲವನಾದ. ನಮ್ಮಲ್ಲಿ ಕಾವ್ಯ ಕನ್ನಡಕ್ಕೆ ಬಂದಿತು; ತರ್ಕ, ಮೀಮಾಂಸೆಗಳು ಬಹುಮಟ್ಟಿಗೆ ಸಂಸ್ಕೃತದಲ್ಲೇ ನಿಂತವು. ಕನ್ನಡದಲ್ಲಿ ಶಾಸ್ತ್ರವನ್ನು ಹೇಳಲಾದೀತೆ ಎಂದು ಇಂದಿಗೂ ಚರ್ಚೆ ಮಾಡುವ ನಮಗೆ, ಈ ಪ್ರಯೋಗವನ್ನು ಸಾವಿರ ವರ್ಷಗಳ ಹಿಂದೆಯೇ ಮಾಡಿ ಗೆದ್ದವರ ಕಥೆಗಿಂತ ಹತ್ತಿರದ ಪಾಠ ಯಾವುದಿದೆ?

ಮಾರ್ಗವಿದ್ದಲ್ಲಿ ದೇಸಿಯೂ ಇರಲೇಬೇಕಷ್ಟೆ. ಹನ್ನೊಂದು ಹನ್ನೆರಡನೆಯ ಶತಮಾನಗಳ ಯೋಗಿ ಮಿಲರೇಪನ ಹಾಡುಗಳಲ್ಲಿ ಹಿಮವೂ ಗುಹೆಯೂ ಹಸಿವೂ ಇವೆ. ನಮಗೆ ಪರಿಚಿತವಾದ ಅವನ ಚರಿತ್ರೆಯೂ ಹಾಡುಗಳ ಸಂಕಲನವೂ ತ್ಸಾಂಗ್‌ನ್ಯೋನ್ ಹೆರುಕನಿಂದ 1488ರ ಸುಮಾರಿಗೆ ರೂಪುಗೊಂಡವು. ಕನ್ನಡಿಗನಿಗೆ ಒಡನೆಯೇ ವಚನಗಳ ನೆನಪಾಗುತ್ತದೆ. ಹೋಲಿಕೆ ಸುಲಭ, ಆದ್ದರಿಂದಲೇ ನಾನು ಅದನ್ನು ಎಳೆಯಲಾರೆ. ಮಿಲರೇಪ ಏಕಾಂತದ ಸಾಧಕ, ವಚನಕಾರರದು ಬೀದಿಯ ನಡುವೆ ಕಾಯಕ ಮಾಡುವವರ ಕೂಟ. ಇನ್ನು ನಮ್ಮ ಕಾಲಕ್ಕೆ ಬಂದರೆ, 1983ರಲ್ಲಿ ಧೊಂಡುಪ್ ಗ್ಯಾಲ್ "ಯೌವನದ ಜಲಪಾತ" ಎಂಬ ಮುಕ್ತಛಂದದ ಕವಿತೆಯನ್ನು ಪ್ರಕಟಿಸಿ ದಂಡಿಯ ಏಳುನೂರು ವರ್ಷಗಳ ಹಿಡಿತದಿಂದ ಹೊರಗೆ ಹೆಜ್ಜೆ ಇಟ್ಟ. ಎರಡು ವರ್ಷಗಳ ಬಳಿಕ, ಮೂವತ್ತೆರಡರ ಆಸುಪಾಸಿನಲ್ಲಿ, ತಾನೇ ತನ್ನ ಜೀವನವನ್ನು ಮುಗಿಸಿಕೊಂಡ. ನವ್ಯದ ಜಗಳಗಳನ್ನು ಕಂಡ ಕನ್ನಡ ಓದುಗ ಆ ಕವಿತೆಯ ಬಂಡಾಯವನ್ನು ಬಹು ಬೇಗ ಗುರುತಿಸಬಲ್ಲ. ನನ್ನ ಪಠ್ಯಕ್ರಮದಲ್ಲಿ ಮಾತ್ರ ಮಿಲರೇಪನೂ ಇರಲಿಲ್ಲ, ಧೊಂಡುಪ್ ಗ್ಯಾಲನೂ ಇರಲಿಲ್ಲ. ಅವರು ಸಂಸ್ಕೃತದಿಂದ ಅನುವಾದವಾದವರಲ್ಲವಲ್ಲ!

ಇದೆಲ್ಲ ದೂರದ ಮಾತೆಂದು ಓದುಗರು ತಿಳಿಯಬಾರದು. 1960ರಲ್ಲಿ ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಟಿಬೆಟ್ಟಿನ ನಿರಾಶ್ರಿತರಿಗೆ ಸುಮಾರು ಮೂರು ಸಾವಿರ ಎಕರೆ ನೆಲ ಕೊಟ್ಟಿತು. ಕಾಡು ಕಡಿದು ಜೋಳ ಬಿತ್ತಿದ ಆ ಜನ ಮುಂದೆ ಸೆರಾ ವಿಹಾರವನ್ನು ಅಲ್ಲಿ ಮತ್ತೆ ಕಟ್ಟಿದರು. ಕಳೆದ ಸಲ ಹೋಗಿದ್ದಾಗ ಅಂಗಳದಲ್ಲಿ ವಾದ ನಡೆದಿತ್ತು. ನಿಂತ ಭಿಕ್ಷು ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ, ಕುಳಿತವನು ಉತ್ತರಿಸಬೇಕು. ಕಿವಿಗೊಟ್ಟು ಕೇಳಿದೆ: ಧರ್ಮಕೀರ್ತಿಯ ಪ್ರಮಾಣವಾರ್ತಿಕ. ಹಳೆಯ ಅಭ್ಯಾಸ ಬಿಡುತ್ತದೆಯೇ? ನನ್ನ ಮನಸ್ಸು ಆ ಟಿಬೆಟನ್ ಮಾತಿಗೆ ಸಂಸ್ಕೃತ ಪದ ಹುಡುಕತೊಡಗಿತು. ಅಷ್ಟರಲ್ಲಿ ಪ್ರಶ್ನೆ ಮುಗಿದು, ಉತ್ತರವೂ ಮುಗಿದು, ಸುತ್ತಲಿನ ಹುಡುಗರೆಲ್ಲ ಗೊಳ್ಳೆಂದು ನಕ್ಕಿದ್ದರು. ಏತಕ್ಕೆ ನಕ್ಕರೆಂದು ನನಗೆ ತಿಳಿಯಲಿಲ್ಲ.

ಮೈಸೂರಿನಿಂದ ಅಲ್ಲಿಗೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಕವಿರಾಜಮಾರ್ಗವನ್ನು ಬಲ್ಲ ಕನ್ನಡ ಎಂ.ಎ. ವಿದ್ಯಾರ್ಥಿಯೊಬ್ಬ ಅದನ್ನು ಬಗಲಲ್ಲಿಟ್ಟುಕೊಂಡು ಆ ಬಸ್ಸು ಹತ್ತಲಿ, ಅಲ್ಲಿಯ ಗೆನ್‌ಲಾ ಒಬ್ಬರ ಮುಂದೆ ಕುಳಿತು ಅವರ ದಂಡಿಯನ್ನು ಅವರ ಮಾತಿನಲ್ಲೇ ಕೇಳಲಿ ಎಂದು ನನ್ನ ಆಸೆ. ಅವನು ಪಾತ್ರೆ ಇಸಕೊಳ್ಳಲು ಹೋಗುವುದು ಬೇಡ, ಊಟಕ್ಕೆ ಹೋಗಲಿ. ಆ ಹುಡುಗರು ನಕ್ಕಾಗ ಅವರ ಜೊತೆಯಲ್ಲಿ ನಗುವಷ್ಟು ಭಾಷೆ ಅವನಿಗೆ ಬಂದರೆ, ನಾನು ವಿಶ್ವವಿದ್ಯಾಲಯದಲ್ಲಿ ಕಲಿತದ್ದಕ್ಕಿಂತ ಹೆಚ್ಚನ್ನು ಅವನು ಕಲಿತಂತಾಯಿತು.