ಗೌರಿ ಹಬ್ಬದ ಲೇಖನಗಳು

ಭಾದ್ರಪದ ಹತ್ತಿರ ಬಂತೆಂದರೆ ಹೊರನಾಡಿನಲ್ಲಿರುವ ನಮ್ಮಂಥವರು ಒಂದು ಲೇಖನ ಬರೆಯುತ್ತೇವೆ. ನೀವೂ ಓದಿರುತ್ತೀರಿ. ಅದರ ಅಚ್ಚು ಒಂದೇ. ಮೊದಲು ಊರು, ಹಂಡೆಯ ಬಿಸಿನೀರು, ಮಾವಿನ ತೋರಣ, ಒಲೆಯ ಮುಂದೆ ಅಮ್ಮ. ಆಮೇಲೆ ಫ್ಲ್ಯಾಟು, ಲಿಫ್ಟು, ಪ್ಲಾಸ್ಟಿಕ್ಕಿನ ತೋರಣ, ರಜೆ ಕೊಡದ ಬಾಸು. ಕೊನೆಗೆ ಒಂದು ನಿಟ್ಟುಸಿರು, ಇಲ್ಲವೇ 'ಆದರೂ ನಾವು ಸಂಸ್ಕೃತಿ ಬಿಟ್ಟಿಲ್ಲ' ಅನ್ನುವ ಹೆಮ್ಮೆ. ಪುಣೆಗೆ ಬಂದ ಮೇಲೆ ನಾನೇ ಇಂಥ ನಾಲ್ಕು ಬರೆದಿದ್ದೇನೆ. ಹಾಗಾಗಿ ಇಲ್ಲಿ ಹೇಳಹೊರಟಿರುವುದರಲ್ಲಿ ಒಂದೆರಡು ಏಟು ನನ್ನ ಬೆನ್ನಿಗೂ ಬೀಳುತ್ತದೆ.

ಈ ಲೇಖನಗಳಿಗೆ ಗೌರಿ ಹಬ್ಬದಷ್ಟು ಒದಗಿಬರುವ ಹಬ್ಬ ಇನ್ನೊಂದಿಲ್ಲ. ಯಾಕೆಂದರೆ ಅದರ ಕತೆಯೇ ತವರಿನದು. ತದಿಗೆಯ ದಿನ ಗೌರಿ ತವರಿಗೆ ಬರುತ್ತಾಳೆ, ಮರುದಿನ ಚೌತಿಗೆ ಮಗ ಬಂದು ಕರೆದುಕೊಂಡು ಹೋಗುತ್ತಾನೆ. ತವರಿಂದ ಬಾಗಿನ, ಇಲ್ಲವಾದರೆ ಅರಿಶಿನ-ಕುಂಕುಮಕ್ಕೆ ಅಂತ ದುಡ್ಡು. ಹಿಂದೆ ಮನಿಯಾರ್ಡರು ಬರುತ್ತಿತ್ತು, ಈಗ ತಮ್ಮ ಫೋನಿನಲ್ಲೇ ಕಳಿಸುತ್ತಾನೆ. ತವರಿಗೆ ಹೋಗಲಾಗದವಳು ತವರಿಗೆ ಬಂದ ದೇವರನ್ನು ಪೂಜಿಸುವುದು! ಬರೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು? ಕಣ್ಣೀರು ತಾನಾಗಿ ಬರುತ್ತದೆ, ಕೈ ಬೇರೇನನ್ನೂ ಹುಡುಕುವುದಿಲ್ಲ.

ಹುಡುಕಿದರೆ ಸಿಗುವುದು ಬೇಕಾದಷ್ಟಿದೆ. ಪುಣೆಯಲ್ಲಿ ನಮ್ಮ ಗೌರಿಯ ದಿನವೇ ಹರತಾಲಿಕೆ. ಅದೇ ತದಿಗೆ, ಅದೇ ಪಾರ್ವತಿ. ಆದರೆ ಇಲ್ಲಿ ಹೆಂಗಸರು ಅವತ್ತು ಉಪವಾಸ. ಮೊದಲ ವರ್ಷ ನಾನು ಒಬ್ಬಟ್ಟಿನ ತಟ್ಟೆ ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿದೆ. ಆಕೆ ಬೆಳಗಿನಿಂದ ನೀರೂ ಕುಡಿದಿರಲಿಲ್ಲ. ಇಬ್ಬರಿಗೂ ಏನು ಮಾಡಬೇಕೋ ತಿಳಿಯದೆ ತಟ್ಟೆ ಸ್ವಲ್ಪ ಹೊತ್ತು ನಮ್ಮ ನಡುವೆಯೇ ನಿಂತಿತ್ತು. ಇನ್ನು ಇವರ ಗೌರಿ ಬರುವುದು ಚೌತಿಯಾದ ಮೇಲೆ. ಅನುರಾಧಾ ನಕ್ಷತ್ರದಂದು ಆಗಮನ, ಜ್ಯೇಷ್ಠಾದಂದು ಪೂಜೆ, ಮೂಲಾದಂದು ಬೀಳ್ಕೊಡುಗೆ. ನಮ್ಮಲ್ಲಿ ಅಮ್ಮ ಮೊದಲು, ಮಗ ಆಮೇಲೆ. ಇಲ್ಲಿ ಮಗ ಮೊದಲು, ಅಮ್ಮ ಆಮೇಲೆ. ಪೇಟೆಯೂ ಆ ಲೆಕ್ಕಕ್ಕೇ ನಡೆಯುತ್ತದೆ. ನಮಗೆ ಬೇಕಾದ ಗೌರಿಯ ಮೂರ್ತಿ ನಮಗೆ ಬೇಕಾದ ದಿನ ನನಗೆ ಸಿಗಲಿಲ್ಲ. ಹರತಾಲಿಕೆಗೆಂದು ಮಾರುವ ಪುಟ್ಟ ಮಣ್ಣಿನ ಪಾರ್ವತಿಯನ್ನೇ ತಂದು ಕೂರಿಸಿದೆ. ಮೊರಕ್ಕೆ ಮಂಡಈ ಹತ್ತಿರದ ಬುರುಡ ಆಳಿಗೆ ಹೋದೆ. ಬಿದಿರು ಹೆಣೆಯುವವರ ಓಣಿ ಅದು. 'ಸೂಪ' ಅಂದರೆ ಮೊರ ಅಂತ ಕಲಿತದ್ದು ಅಲ್ಲೇ. ಬಾಗಿನಕ್ಕೆ ಜೋಡಿ ಬೇಕಲ್ಲ, ಎರಡೂ ಒಂದೇ ಅಳತೆಯದು ಕೊಡಿ ಅಂದಾಗ ಆತ ಒಂದರ ಮೇಲೊಂದು ಮುಚ್ಚಿ ತೋರಿಸಿದ. ಏನು, ಯಾತಕ್ಕೆ ಅಂತ ಕೇಳಲಿಲ್ಲ.

ಇದ್ಯಾವುದೂ ನನ್ನ ನಾಲ್ಕು ಲೇಖನಗಳಲ್ಲಿ ಇಲ್ಲ! ಅಲ್ಲಿರುವುದೆಲ್ಲ 'ಅಲ್ಲಿ ಇತ್ತು, ಇಲ್ಲಿ ಇಲ್ಲ' ಎಂಬ ಪಟ್ಟಿ. ಉಪವಾಸದವಳ ಮುಂದೆ ಹಿಡಿದ ಒಬ್ಬಟ್ಟು ಆ ಪಟ್ಟಿಯ ಯಾವ ಕಡೆಗೂ ಸೇರುವುದಿಲ್ಲ, ಅದಕ್ಕೇ ಬಿಟ್ಟುಹೋಯಿತು.

ಸಂಘಗಳ ಹಬ್ಬದ ಬಗ್ಗೆ ಎರಡೇ ಮಾತು. ಯುಗಾದಿಯನ್ನು ಮುಂದಿನ ಭಾನುವಾರಕ್ಕೆ ತಳ್ಳಿದರೆ ಆಕಾಶವೇನೂ ಬೀಳುವುದಿಲ್ಲ, ಜನ ಸೇರಬೇಕಲ್ಲ. ಬೇಂದ್ರೆಯವರ ಯುಗಾದಿಯ ಹಾಡು ಮೈಕಿನಲ್ಲಿ ಬಂದಾಗ ನಮ್ಮ ಮರಾಠಿ ಸೊಸೆಯಂದಿರೂ ಗುನುಗುತ್ತಾರೆ, ಅದೂ ಚೆನ್ನವೇ. ಆದರೆ ವೇದಿಕೆಯ ಮೇಲೆ ಮುಖ್ಯ ಅತಿಥಿಗೆ ಬಾಗಿನ ಕೊಟ್ಟು ಫೋಟೋ ತೆಗೆಸುವುದನ್ನು ಒಮ್ಮೆ ನೋಡಿದೆ. ಅದು ಮಾತ್ರ ನನಗೆ ಹಿಡಿಸಲಿಲ್ಲ. ಬಾಗಿನವನ್ನು ಸೆರಗು ಹಿಡಿದು ಇಬ್ಬರು ಹೆಂಗಸರು ಕೊಟ್ಟು ತೆಗೆದುಕೊಳ್ಳಬೇಕು. ಮೂರನೆಯವರಿಗೆ ಕಾಣಲಿ ಅಂತ ಕೊಡುವುದಲ್ಲ.

ನಮ್ಮ ಒಳ್ಳೆಯ ಕತೆಗಾರರು ಈ ಅಚ್ಚಿಗೆ ಬಿದ್ದಿಲ್ಲ ಅನ್ನುವುದನ್ನು ನೋಡಿ. ಯಶವಂತ ಚಿತ್ತಾಲರ 'ಶಿಕಾರಿ' (1979) ಓದಿ. ಮುಂಬೈಯ ನಾಗನಾಥನಿಗೆ ಬಾಲ್ಯ ಅನ್ನುವುದು ಓಡಿಹೋಗಿ ಅಡಗಿಕೊಳ್ಳಬಹುದಾದ ಮಡಿಲಲ್ಲ, ಬೆನ್ನಟ್ಟಿ ಬರುವ ಸಂಗತಿ. ಜಯಂತ ಕಾಯ್ಕಿಣಿಯವರ 'ನೋ ಪ್ರೆಸೆಂಟ್ಸ್ ಪ್ಲೀಸ್' ಕತೆಯಲ್ಲಂತೂ ಹಿಂದೆಮುಂದೆ ಯಾರೂ ಇಲ್ಲದ ಒಂದು ಜೋಡಿ ತಮ್ಮ ಮದುವೆಯ ಕರೆಯೋಲೆಗೆ ಒಕ್ಕಣೆ ಹುಡುಕುತ್ತಾ ಕೂರುತ್ತದೆ. ತವರೇ ಇಲ್ಲದವರ ಸಮಾರಂಭ! ಅದರಲ್ಲಿ ನಿಟ್ಟುಸಿರಿಗೆ ಜಾಗವೇ ಇಲ್ಲ, ಮುಂದಿನ ಕೆಲಸ ಅಷ್ಟಿದೆ. ಇದೇ ಹೆಸರಿನಲ್ಲಿ ಅವರ ಮುಂಬೈ ಕತೆಗಳು ಇಂಗ್ಲಿಷಿಗೆ ಹೋಗಿ 2018ನೇ ಸಾಲಿನ ಡಿಎಸ್‌ಸಿ ಪ್ರಶಸ್ತಿ ಪಡೆದಾಗ ಊರಲ್ಲೂ ಇಲ್ಲೂ ಖುಷಿಪಟ್ಟೆವು. ಆ ವರ್ಷವೂ ನಾವು ಬರೆದ ಹಬ್ಬದ ಲೇಖನ ಮಾತ್ರ ಹಂಡೆಯ ನೀರಿನಿಂದಲೇ ಶುರುವಾಯಿತು. ಕತೆ ಬೇರೆ, ನೆನಪಿನ ಬರಹ ಬೇರೆ ಅಂತ ನೀವು ಹೇಳಬಹುದು. ನಾನೂ ಹಾಗೇ ಸಮಾಧಾನ ಮಾಡಿಕೊಂಡಿದ್ದೆ.

ಆ ಸಮಾಧಾನ ಕೆಡಿಸಿದವಳು ಅಮ್ಮ. ನಾಲ್ಕನೆಯ ಲೇಖನ ಅಚ್ಚಾದಾಗ ಹಾಸನದಿಂದ ಫೋನು ಮಾಡಿದಳು. ಚೆನ್ನಾಗಿದೆ ಅಂದಳು. ಸ್ವಲ್ಪ ಹೊತ್ತು ಬಿಟ್ಟು, 'ಆದ್ರೆ ಅದು ನಿಮ್ಮಜ್ಜಿ ಮನೆ ಹಬ್ಬ ಕಣೇ, ನಂದಲ್ಲ' ಅಂದಳು.

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅಮ್ಮನ ತವರು ತೀರ್ಥಹಳ್ಳಿಯ ಕಡೆ. ಅವರ ಮನೆಯಲ್ಲಿ ಅರಿಶಿನ ಕಲಸಿ ಕೈಯಲ್ಲೇ ಗೌರಿ ಮಾಡುತ್ತಿದ್ದರು, ಮೂರ್ತಿ ತರುತ್ತಿರಲಿಲ್ಲ. ಹಾಸನಕ್ಕೆ ಸೊಸೆಯಾಗಿ ಬಂದಾಗ ಇಲ್ಲಿ ಮಣ್ಣಿನ ಗೌರಿ. ನೈವೇದ್ಯ ಬೇರೆ, ಆರತಿಯ ಹಾಡು ಬೇರೆ, ಹದಿನಾರು ಗಂಟಿನ ದಾರ ಕಟ್ಟಿಕೊಳ್ಳುವ ಹೊತ್ತೂ ಬೇರೆಯಂತೆ. ಎಲ್ಲ ಮರೆತು ಎಲ್ಲ ಹೊಸದಾಗಿ ಕಲಿತಳು. ಆಗ ಅವಳಿಗೆ ಹತ್ತೊಂಬತ್ತು. ನಾನು 'ನಮ್ಮ ಮನೆಯ ಅಚ್ಚ ಸಂಪ್ರದಾಯ' ಅಂತ ನಾಲ್ಕು ಸಲ ಬರೆದದ್ದು ಆ ಹುಡುಗಿ ಪರಸ್ಥಳದಲ್ಲಿ ಕಲಿತು ಒಪ್ಪಿಸಿದ ಪಾಠವನ್ನು. ಅಜ್ಜಿಯೂ ಎಲ್ಲಿಂದಲೋ ಬಂದವಳೇ. ಹೀಗೆ ಹಿಂದೆ ಹಿಂದೆ ಹೋದರೆ ಗೌರಿ ಹಬ್ಬವನ್ನು ನಡೆಸಿಕೊಂಡು ಬಂದವರೆಲ್ಲ ತವರು ಬಿಟ್ಟು ಬಂದವರೇ. ಹಬ್ಬ ಬದಲಾಗುವುದು ಪುಣೆಯ ಫ್ಲ್ಯಾಟಿನಲ್ಲಿ, ನಮ್ಮ ಕಾಲದಲ್ಲಿ, ನಮ್ಮ ಕೈಯಲ್ಲಿ ಶುರುವಾಯಿತು ಅಂತ ಬರೆದುಕೊಂಡದ್ದು ದೊಡ್ಡ ಅಹಂಕಾರ. ಇಂಥ ಲೇಖನ ಬರೆಯುವ ಗಂಡಸರಿಗೆ ಇದು ಹೊಳೆಯದಿದ್ದರೆ ಆಶ್ಚರ್ಯವಿಲ್ಲ, ಅವರ ಹಬ್ಬ ನೌಕರಿಗೆ ಹೊರಟ ದಿನವೇ ಮೊದಲ ಸಲ ಊರು ಬಿಟ್ಟದ್ದು. ನನಗೂ ಹೊಳೆಯಲಿಲ್ಲವಲ್ಲ, ಅದು ನನ್ನನ್ನು ಚುಚ್ಚುತ್ತದೆ. ಒಲೆಯ ಮುಂದೆ ಅಮ್ಮನನ್ನು ಅಷ್ಟು ಚೆನ್ನಾಗಿ ಕೂರಿಸಿದ್ದೆ, ಅವಳು ಎಲ್ಲಿಂದ ಬಂದು ಅಲ್ಲಿ ಕೂತಳು ಅಂತ ಒಂದು ವಾಕ್ಯ ಬರೆದಿರಲಿಲ್ಲ.

'ಮತ್ತೆ ನಿನಗೆ ಬೇಜಾರಾಗ್ತಿರಲಿಲ್ವಾ?' ಅಂತ ಕೇಳಿದೆ.

ಮೊದಲ ವರ್ಷ ಒಂದು ಕೆಲಸ ಮಾಡಿದ್ದಳಂತೆ. ಬೆಳಿಗ್ಗೆ ಎಲ್ಲರೂ ಏಳುವ ಮೊದಲು ಹೆಬ್ಬೆರಳುದ್ದದ ಅರಿಶಿನದ ಗೌರಿ ಮಾಡಿ, ಎರಡು ಕಾಳು ಅಕ್ಷತೆ ಹಾಕಿ, ಅಡುಗೆಮನೆಯ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದಳಂತೆ. ಮಧ್ಯಾಹ್ನ ಅಕ್ಕಿಗೆಂದು ಡಬ್ಬ ಸರಿಸಿದ್ದು ಅಜ್ಜಿ. ಆಕೆ ಏನೂ ಅನ್ನಲಿಲ್ಲವಂತೆ. ಬೇಕಾದಷ್ಟು ಅಕ್ಕಿ ತೆಗೆದುಕೊಂಡು, ಡಬ್ಬವನ್ನು ಮತ್ತೆ ಅದೇ ಜಾಗಕ್ಕೆ ಸರಿಸಿ ಹೋದರಂತೆ.