ರಸ್ತೆ ರಿಪೇರಿಗೂ ಮತದಾನ ಬೇಕೆ?

ತೆರಿಗೆ ಕಟ್ಟುವವರನ್ನೇ ಕೇಳಿ ತೆರಿಗೆ ಹಾಕುವುದಕ್ಕಿಂತ ದೊಡ್ಡ ಪ್ರಜಾಪ್ರಭುತ್ವ ಯಾವುದಿದೆ ಎನ್ನುವವರು ಅಮೆರಿಕದ ಪೋರ್ಟ್‌ಲ್ಯಾಂಡ್ ನಗರವನ್ನು ಮಾದರಿಯಾಗಿ ತೋರಿಸುತ್ತಾರೆ. ಒರೆಗಾನ್ ರಾಜ್ಯದ ಈ ನಗರ 2016ರ ಮೇ ತಿಂಗಳಲ್ಲಿ ಒಂದು ಗ್ಯಾಲನ್ ಪೆಟ್ರೋಲಿಗೆ 10 ಸೆಂಟ್ ತೆರಿಗೆ ಹಾಕಲು ಮತದಾರರ ಒಪ್ಪಿಗೆ ಕೇಳಿತು. ಹಣ ರಸ್ತೆ ದುರಸ್ತಿಗೆ, ಸಂಚಾರ ಸುರಕ್ಷತೆಗೆ; ಅವಧಿ ನಾಲ್ಕೇ ವರ್ಷ. ಸುಮಾರು ಶೇ. 52ರಷ್ಟು ಮತ ಸಿಕ್ಕಿ ಕೂದಲೆಳೆ ಅಂತರದಲ್ಲಿ ಗೆದ್ದಿತು. 2020ರಲ್ಲಿ ಅದೇ ಪ್ರಶ್ನೆಗೆ ಶೇ. 77ರಷ್ಟು ಜನ ಹೌದೆಂದರು. 2024ರಲ್ಲಿ ಮತ್ತೆ ಗೆಲುವು.

ಯಾವ ಬೀದಿಗೆ ಏನು ಕೆಲಸ ಎಂದು ಮೊದಲೇ ಪಟ್ಟಿ ಕೊಟ್ಟು, ಖರ್ಚಿನ ಮೇಲೆ ಕಣ್ಣಿಡಲು ನಾಗರಿಕರ ಸಮಿತಿಯನ್ನೂ ನೇಮಿಸಿದ್ದರು. ಜನರ ವಿಶ್ವಾಸ ಬೆಳೆದದ್ದು ಹಾಗೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಇರುವ ರಸ್ತೆಯನ್ನು ಉಳಿಸಿಕೊಳ್ಳುವ ಕರ್ತವ್ಯವನ್ನು ನಾಲ್ಕು ವರ್ಷಕ್ಕೊಮ್ಮೆ ಮತಪತ್ರದಲ್ಲಿ ಇಡುವುದು ತಪ್ಪು.

ಡಾಂಬರು ಗಟ್ಟಿಯಿರುವಾಗಲೇ ಬಿರುಕು ಮುಚ್ಚಿ ಮೇಲ್ಪದರ ಹಾಕಿದರೆ ಖರ್ಚು ಕಡಿಮೆ. ನೀರಿಳಿದು ತಳ ಕುಸಿದರೆ ರಸ್ತೆಯನ್ನೇ ಅಗೆದು ಹೊಸದಾಗಿ ಕಟ್ಟಬೇಕು, ಅದಕ್ಕೆ ಹಲವು ಪಟ್ಟು ಹಣ ಬೇಕು. ಹಾಗಾಗಿ ನೋಡಲು ಚೆನ್ನಾಗಿರುವ ರಸ್ತೆಗೇ ಮೊದಲು ದುಡ್ಡು ಹಾಕುವುದು ಜಾಣತನ. ಗುಂಡಿ ಬಿದ್ದ ಬೀದಿಯವರ ಮುಂದೆ ಇದನ್ನು ಹೇಳಿ ಮತ ಕೇಳುವುದು ಸುಲಭವೆ? ಎಂಜಿನಿಯರ್ ಸಿದ್ಧಪಡಿಸಬೇಕಾದ ಪಟ್ಟಿ ಹೀಗೆ ಚುನಾವಣೆಯ ಲೆಕ್ಕಾಚಾರಕ್ಕೆ ಬಗ್ಗುತ್ತದೆ.

ದರದ ಕಥೆಯೂ ಅಷ್ಟೇ. 2016ರ 10 ಸೆಂಟ್ 2024ರಲ್ಲೂ 10 ಸೆಂಟೇ, ಏಕೆಂದರೆ ಹೆಚ್ಚಿಗೆ ಕೇಳಿದರೆ ಸೋಲುವ ಭಯ. ಅಷ್ಟರಲ್ಲಿ ಕಾಮಗಾರಿಯ ವೆಚ್ಚ ಏರಿತು, ಕಾರುಗಳು ಕಡಿಮೆ ಪೆಟ್ರೋಲ್ ಕುಡಿಯತೊಡಗಿದವು, ವಿದ್ಯುತ್ ಕಾರುಗಳು ಬಂದವು. ನಾಲ್ಕು ವರ್ಷಕ್ಕೆ ಬರಬಹುದೆಂದು 2020ರಲ್ಲಿ ಅಂದಾಜಿಸಿದ ಮೊತ್ತ ಸುಮಾರು 7.45 ಕೋಟಿ ಡಾಲರ್. 2024ರಲ್ಲಿ ಅದು ಸುಮಾರು 7.05 ಕೋಟಿಗೆ ಇಳಿಯಿತು. ಜನ ಗೆಲ್ಲಿಸುತ್ತಲೇ ಇದ್ದಾರೆ, ತಿಜೋರಿ ಸೊರಗುತ್ತಲೇ ಇದೆ.

ಸೋತರೇನು ಗತಿ ಎಂಬುದನ್ನು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನೋಡಬಹುದು. 2022ರ ಜೂನ್‌ನಲ್ಲಿ ಸಾರಿಗೆ ಮತ್ತು ರಸ್ತೆ ಸುರಕ್ಷತೆಗೆಂದು 40 ಕೋಟಿ ಡಾಲರ್ ಬಾಂಡ್‌ ಮತಕ್ಕೆ ಬಂತು. ನೂರಕ್ಕೆ ಸುಮಾರು 65 ಮಂದಿ ಬೇಕೆಂದರೂ ಮೂರನೇ ಎರಡು ಭಾಗ ಮುಟ್ಟಲಿಲ್ಲವೆಂದು ಬಿದ್ದುಹೋಯಿತು. ಮೂರರಲ್ಲೊಂದು ಪಾಲು ಜನ ಬೇಡವೆಂದರೆ ಊರಿನ ಸುರಕ್ಷತೆ ನಿಲ್ಲುವುದನ್ನು ಪ್ರಜಾಪ್ರಭುತ್ವ ಎನ್ನಲು ನನಗೆ ಮನಸ್ಸಾಗದು.

ಸುರಕ್ಷತೆಯ ಮಾತಿಗೆ ಬಂದಾಗಲಂತೂ ಸಂಕಟವಾಗುತ್ತದೆ. 2025ರ ಹೊತ್ತಿಗೆ ಒಂದೂ ರಸ್ತೆ ಸಾವು ಇರಬಾರದೆಂದು ಪೋರ್ಟ್‌ಲ್ಯಾಂಡ್ ಪಣ ತೊಟ್ಟಿತ್ತು. 2023ರಲ್ಲಿ 69 ಜನ ಸತ್ತರು. ಪೆಟ್ರೋಲ್ ತೆರಿಗೆಯಿಂದ ಸಾವು ಹೆಚ್ಚಿತೆಂದು ನಾನು ಹೇಳುತ್ತಿಲ್ಲ. ಆ ಹಣ ಸಮಸ್ಯೆಯ ಎದುರು ತೀರಾ ಸಣ್ಣದು ಎನ್ನುತ್ತಿದ್ದೇನೆ. ನಗರದ ಪೂರ್ವ ಭಾಗ ಬಹುಪಾಲು 1980-90ರ ದಶಕಗಳಲ್ಲಿ ಸೇರಿಕೊಂಡದ್ದು. ಅಲ್ಲಿ ಎಷ್ಟೋ ಬೀದಿಗಳಿಗೆ ಫುಟ್‌ಪಾತೇ ಇರಲಿಲ್ಲ. ಅಪಾಯಕ್ಕೆ ಹೆಸರಾದ 82ನೇ ಅವೆನ್ಯೂ 2022ರವರೆಗೆ ರಾಜ್ಯದ ಹೆದ್ದಾರಿ. ಅದಕ್ಕೆ ಬೇಕಾಗಿದ್ದದ್ದು ರಾಜ್ಯದ ಹೊಣೆಗಾರಿಕೆ, ನಗರದ ಮತದಾನವಲ್ಲ.

2014ರಲ್ಲಿ ಮೇಯರ್ ಚಾರ್ಲಿ ಹೇಲ್ಸ್, ಕಮಿಷನರ್ ಸ್ಟೀವ್ ನೋವಿಕ್ ರಸ್ತೆ ಶುಲ್ಕದ ಪ್ರಸ್ತಾಪ ತಂದಾಗ ಅದನ್ನು ನಗರ ಮಂಡಳಿಯೇ ಅಂಗೀಕರಿಸಬಹುದಿತ್ತು. ವಿರೋಧ ಬಂತು, ಕೈಬಿಟ್ಟರು. ಆ ಅಳುಕೇ ಪ್ರಶ್ನೆಯನ್ನು ಮತದಾರರ ಹೆಗಲಿಗೆ ದಾಟಿಸಿತು.

ಪ್ರತಿನಿಧಿಗಳ ಕೈಗೆ ಕೊಟ್ಟರೆ ಸಾಕು ಎಂದೂ ಅಲ್ಲ. ಅಮೆರಿಕದ ಸಂಸತ್ತು ಪೆಟ್ರೋಲಿನ ಮೇಲಿನ 18.4 ಸೆಂಟ್ ತೆರಿಗೆಯನ್ನು 1993ರಿಂದ ಏರಿಸಿಯೇ ಇಲ್ಲ. ಆದ್ದರಿಂದ ನಿರ್ವಹಣೆಯ ಹಣ ವೆಚ್ಚದ ಜೊತೆಗೇ ತಾನಾಗಿ ಏರುವಂತಿರಬೇಕು, ವಾಹನದ ತೂಕ ಮತ್ತು ಓಡಿದ ದೂರಕ್ಕೆ ತಕ್ಕ ಶುಲ್ಕವೂ ಸೇರಬೇಕು. ಹೊಸ ದೊಡ್ಡ ಯೋಜನೆಗಳಿಗೆ ಮತ ಕೇಳಲಿ. ಪೋರ್ಟ್‌ಲ್ಯಾಂಡಿನ ಈಗಿನ ತೆರಿಗೆಯ ಅವಧಿ 2028ರ ಕೊನೆಗೆ ಮುಗಿಯುತ್ತದೆ. ಈ ಬದಲಾವಣೆ ತರಲು ಮಂಡಳಿಗೆ ಇರುವ ಗಡುವು ಅದೇ.